ಕತ್ತಿಯೇ ಇಲ್ಲದ ಜಗಳಕ್ಕೆ ಕತ್ತಿ ಅಭ್ಯಾಸ ಯಾಕೆ?

ಪ್ರಶ್ನೆ: ಬನಶಂಕರಿಯಲ್ಲಿ ಎಂಟು ತಿಂಗಳಿಂದ ಐಕಿಡೋ ಎಂಬ ಜಪಾನಿ ಸಮರಕಲೆ ಕಲಿಯುತ್ತಿದ್ದೇನೆ. ವಾರದಲ್ಲಿ ಒಂದು ಕ್ಲಾಸು ಪೂರ್ತಿ ಮರದ ಕತ್ತಿ ಬೀಸುವುದರಲ್ಲೇ ಮುಗಿಯುತ್ತದೆ. ಬೆಂಗಳೂರಲ್ಲಿ ಯಾರು ಕತ್ತಿ ಹಿಡ್ಕೊಂಡು ಬರ್ತಾರೆ? ನಿಜವಾದ ಜಗಳದಲ್ಲಿ ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಯಾರಾದರೂ ಲಾಂಗು ಹಿಡಿದು ಬಂದರೆ ಐಕಿಡೋ ನೆನಪು ಮಾಡಿಕೊಳ್ಳುತ್ತಾ ನಿಲ್ಲಬೇಡಿ, ಓಡಿ. ಪರ್ಸ್ ಕೇಳಿದರೆ ಕೊಟ್ಟು ಓಡಿ. ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನಾನೂ ಮೊದಲ ವರ್ಷ ಇದನ್ನೇ ಗೊಣಗುತ್ತಿದ್ದೆ.

ನನ್ನ ಗೊಣಗಾಟ ನಿಂತದ್ದು ಹೆಬ್ಬೆರಳು ಊದಿಕೊಂಡ ದಿನ. ಜೊತೆಗಿದ್ದವರು ಶಿವಮೊಗ್ಗ ಕಡೆಯ ಸೀನಿಯರ್, ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಅವರು ನೇರ ತಲೆಗೆ ಬೀಸಿದರು. ನಾನು ನಿಂತಲ್ಲೇ ನಿಂತು ಕತ್ತಿ ಅಡ್ಡ ಹಿಡಿದೆ. ಅವರ ಕತ್ತಿ ನನ್ನ ಕತ್ತಿಯ ಮೇಲೆ ಜಾರಿ ಸೀದಾ ಹೆಬ್ಬೆರಳಿಗೆ ಬಂತು. "ಕತ್ತಿ ಆಮೇಲೆ, ಮೊದಲು ಕಾಲು ಎತ್ತು ಮಾರಾಯಾ" ಅಂದರು. ಐಸ್ ತಂದುಕೊಟ್ಟವರೂ ಅವರೇ.

ಬರಿಗೈಯಲ್ಲಿ ಅಭ್ಯಾಸ ಮಾಡುವಾಗ ಈ ತಪ್ಪು ಗೊತ್ತೇ ಆಗುವುದಿಲ್ಲ. ಎದುರಿನವರು ನಿಧಾನಕ್ಕೆ ಕೈ ಬೀಸುತ್ತಾರೆ, ನಾವು ತಡವಾಗಿ ಸರಿದರೂ ನಡೆಯುತ್ತದೆ, ಅವರು ಪಾಪ ಅಂತ ಬಿದ್ದೂ ಬಿಡುತ್ತಾರೆ. ಮೂರು ಅಡಿಗಿಂತ ಉದ್ದದ ಗಟ್ಟಿ ಮರ ತಲೆ ಕಡೆಗೆ ಬರುವಾಗ ಈ ಸುಳ್ಳು ನಡೆಯಲ್ಲ. ಒಂದು ಕ್ಷಣ ಬೇಗ ಸರಿದರೆ ಅವರು ದಿಕ್ಕು ಬದಲಿಸುತ್ತಾರೆ. ಒಂದು ಕ್ಷಣ ತಡವಾದರೆ ಐಸ್. ಇಬ್ಬರ ನಡುವಿನ ಈ ದೂರಕ್ಕೆ ಜಪಾನಿಯಲ್ಲಿ ಮಾ-ಆಯ್ ಅನ್ನುತ್ತಾರೆ. ಎರಡು ಬೊಕ್ಕೆನ್‌ಗಳ, ಅಂದರೆ ಮರದ ಕತ್ತಿಗಳ, ತುದಿ ತಾಗುವಷ್ಟು ದೂರದಲ್ಲಿ ನಿಂತರೆ, ಒಂದು ಹೆಜ್ಜೆ ಇಟ್ಟರೆ ಹೊಡೆಯಬಹುದು, ಒಂದು ಹೆಜ್ಜೆ ಹಿಂದೆ ಹೋದರೆ ತಪ್ಪಿಸಿಕೊಳ್ಳಬಹುದು. ಕೈಯಲ್ಲಿ ಏನೂ ಇಲ್ಲದಾಗ ಈ ಅಂತರ ಕಮ್ಮಿಯಾಗುತ್ತದೆ, ಲೆಕ್ಕ ಮಾತ್ರ ಅದೇ. ಪಾರ್ಕಿಂಗ್ ಜಾಗಕ್ಕೆ ಕೂಗಾಡುತ್ತಾ ಒಬ್ಬ ನಿಮ್ಮ ಹತ್ತಿರ ಬರುತ್ತಿದ್ದರೆ, ಅವನು ಆ ಗೆರೆ ದಾಟಿದ ಎಂದು ನಿಮ್ಮ ಕಾಲಿಗೆ ಗೊತ್ತಾಗಬೇಕು. ನನ್ನ ಅನುಭವದಲ್ಲಿ ಬೊಕ್ಕೆನ್‌ನಿಂದ ಸಿಕ್ಕ ದೊಡ್ಡ ಲಾಭ ಇದೊಂದೇ. ಉಳಿದದ್ದೆಲ್ಲ ಆಮೇಲೆ.

ಐಕಿಡೋಗೂ ಕತ್ತಿಗೂ ಇರುವ ನಂಟು ಹಳೆಯದು. ಇದನ್ನು ಕಟ್ಟಿದ ಮೊರಿಹೆಯಿ ಉಯೆಶಿಬಾ 1937ರಲ್ಲಿ ಕಾಶಿಮಾ ಶಿಂತೋ-ರ್ಯು ಎಂಬ ಹಳೆಯ ಕತ್ತಿ ಪರಂಪರೆಗೆ ಸೇರಿದ್ದರು. ಆಮೇಲೆ ಇವಾಮಾ ಎಂಬ ಹಳ್ಳಿಯಲ್ಲಿ ನೆಲೆಸಿ ಕತ್ತಿ, ಕೋಲು, ಬರಿಗೈ ಮೂರನ್ನೂ ಕೂಡಿಸಿ ಅಭ್ಯಾಸ ಮಾಡಿದರು. 1946ರಲ್ಲಿ ಅಲ್ಲಿ ಶಿಷ್ಯರಾಗಿ ಸೇರಿದ ಮೊರಿಹಿರೋ ಸೈತೋ ಅದನ್ನೆಲ್ಲ ಕ್ರಮವಾಗಿ ಜೋಡಿಸಿದರು. ನೀವು ಎಣಿಸುತ್ತಾ ಬೀಸುವ ಏಳು ಸುಬುರಿಗಳು, ಅಂದರೆ ಒಬ್ಬರೇ ಕತ್ತಿ ಬೀಸುವ ಅಭ್ಯಾಸಗಳು, ಅವರು ಜೋಡಿಸಿದ್ದೇ. ಹಾಗಂತ ಎಲ್ಲ ಐಕಿಡೋ ಶಾಲೆಗಳೂ ಕತ್ತಿಗೆ ಇಷ್ಟೇ ಜಾಗ ಕೊಡುವುದಿಲ್ಲ. ಈ ಜಗಳ ಅವರವರಲ್ಲೇ ಇದೆ, ನಾವು ತಲೆ ಹಾಕುವುದು ಬೇಡ.

ಇನ್ನು ಕೈ ಹಿಡಿತ. ಲಾಲ್‌ಬಾಗ್ ಪಶ್ಚಿಮ ಗೇಟಿನ ಕಡೆ ಎಳನೀರು ಕೆತ್ತುವವರನ್ನು ಒಮ್ಮೆ ನಿಂತು ನೋಡಿ. ಮಚ್ಚನ್ನು ಬಿಗಿಯಾಗಿ ಅಮುಕುವುದಿಲ್ಲ. ಕಿರುಬೆರಳು, ಉಂಗುರಬೆರಳು ಹಿಡಿದಿರುತ್ತವೆ, ತೋರುಬೆರಳು ಸಡಿಲ. ಭುಜ ಮೇಲೇರುವುದೇ ಇಲ್ಲ, ಮಚ್ಚಿನ ತೂಕವೇ ಬೀಳುತ್ತದೆ. ಬೊಕ್ಕೆನ್ ಹಿಡಿಯುವುದೂ ಹೀಗೇ. ಹೊಡೆತ ಮುಟ್ಟುವ ಗಳಿಗೆಗೆ ಮಾತ್ರ ನೆಲ ಒರೆಸುವ ಬಟ್ಟೆ ಹಿಂಡಿದ ಹಾಗೆ ಎರಡೂ ಕೈ ಒಳಕ್ಕೆ ತಿರುಗುತ್ತವೆ. ಅದೇ ಹಿಡಿತದಲ್ಲಿ ಎದುರಿನವರ ಮಣಿಕಟ್ಟು ಹಿಡಿದು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಶಿಹೋನಾಗೆಯನ್ನೇ, ಅಂದರೆ ನಾಲ್ಕು ದಿಕ್ಕಿನ ಎಸೆತವನ್ನೇ, ತಗೊಳ್ಳಿ. ಹೊಸಬರು ಎದುರಿನವರ ಕೈಯನ್ನು ಪಕ್ಕಕ್ಕೆ ಎಳೆದು, ತಮ್ಮ ತಲೆಯನ್ನು ಅದರಡಿ ತೂರಿಸಲು ಒದ್ದಾಡುತ್ತಾರೆ. ಎದುರಿನವರು ಸ್ವಲ್ಪ ಗಟ್ಟಿಗರಾದರೆ ಮುಗೀತು, ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಆ ಮಣಿಕಟ್ಟನ್ನೇ ಕತ್ತಿಯ ಹಿಡಿ ಅಂದುಕೊಳ್ಳಿ. ಹೊಕ್ಕುಳ ಮುಂದೆ ಹಿಡಿದು, ಹೆಜ್ಜೆ ಇಡುತ್ತಾ ಹಣೆಯ ಮುಂದಕ್ಕೆ ಎತ್ತಿ. ಎರಡೂ ಪಾದ ಹಿಂದಕ್ಕೆ ತಿರುಗಲಿ, ಆಮೇಲೆ ನೇರ ಕೆಳಕ್ಕೆ ಕತ್ತರಿಸಿ. ಕೈಗಳು ನಿಮ್ಮ ಮೈಯ ನಡುಗೆರೆ ಬಿಟ್ಟು ಹೋಗಲೇಬಾರದು. ನನಗೆ ಇದು ಕೂತದ್ದು ತಾರಸಿ ಮೇಲೆ ಒಬ್ಬನೇ ನಾಲ್ಕು ದಿಕ್ಕಿಗೂ ಬೊಕ್ಕೆನ್ ಬೀಸಿದ ಮೇಲೆ. ಪಕ್ಕದ ಮನೆ ಆಂಟಿ ಆಗಿನಿಂದ ಬಟ್ಟೆ ಒಣಗಿಸಲು ನಾನು ಕೆಳಗಿಳಿಯುವವರೆಗೂ ಕಾಯುತ್ತಾರೆ.

ಈಗ ಕತ್ತಿ ದಾರಿ ತಪ್ಪಿಸುವ ಕಡೆ. ಕತ್ತಿ ಹಿಡಿದವನು ಒಂದು ದೊಡ್ಡ ಏಟಿಗೆ ಮನಸ್ಸು ಮಾಡಿ ಬರುತ್ತಾನೆ. ಬೀದಿ ಜಗಳದವನು ಹಾಗಲ್ಲ. ಗುದ್ದು ಬರುತ್ತದೆ, ತಕ್ಷಣ ವಾಪಸ್ ಹೋಗುತ್ತದೆ, ಇನ್ನೊಂದು ಕೈ ಆಗಲೇ ಹೊರಟಿರುತ್ತದೆ. ಕಾಲರ್ ಹಿಡಿಯುತ್ತಾನೆ, ತಳ್ಳುತ್ತಾನೆ. ಬಿಎಂಟಿಸಿ ಬಸ್ಸಿನ ನೂಕುನುಗ್ಗಲಲ್ಲಿ ಒಂದು ಹೆಜ್ಜೆ ಇಡಲೂ ಜಾಗವಿಲ್ಲ. ನೇರ ತಲೆಗೆ ಬರುವ ಶೋಮೆನ್‌ಉಚಿ ಏಟಿಗೆ ಚಂದವಾಗಿ ಸರಿಯಲು ಕಲಿತವರು ಎರಡನೇ ಗುದ್ದಿಗೆ ಮೂಗು ಕೊಡುವುದನ್ನು ಕ್ಲಾಸಲ್ಲೇ ನೋಡಿದ್ದೇನೆ. ಅದಕ್ಕೆ ಬೊಕ್ಕೆನ್ ಒಂದನ್ನೇ ನಂಬಿದರೆ ಆಗಲ್ಲ. ನಿಮ್ಮ ಜೊತೆಗಾರರಿಗೆ ಹೇಳಿ: ಮೊದಲ ಏಟು ತಪ್ಪಿದರೆ ಸುಮ್ನೆ ನಿಲ್ಲಬೇಡ, ಎರಡನೇದು ಹಾಕು, ನಾನು ಹಿಡಿದರೆ ಕೈ ಕಿತ್ಕೋ. ನಿಧಾನ ವೇಗದಲ್ಲೇ ಶುರು ಮಾಡಿ.

ಇದಕ್ಕೆ ನಾವು ಮಾಡುವ ಒಂದು ಆಟವಿದೆ. ಭಾನುವಾರದ ಪೇಪರನ್ನು ಬಿಗಿಯಾಗಿ ಸುತ್ತಿ ಟೇಪ್ ಹಾಕಿ. ಒಬ್ಬರು ಬರಿಗೈ, ಇನ್ನೊಬ್ಬರ ಕೈಯಲ್ಲಿ ಪೇಪರ್. ಯಾವಾಗ, ಯಾವ ಕಡೆಯಿಂದ, ಎಷ್ಟು ಸಲ ಅಂತ ಹೇಳುವ ಹಾಗಿಲ್ಲ. ತಾಗಿದರೆ ನೋವಾಗಲ್ಲ, ಆದರೆ ತಾಗಿದ್ದು ಇಬ್ಬರಿಗೂ ಕೇಳಿಸುತ್ತದೆ. ಹತ್ತರಲ್ಲಿ ಎಷ್ಟು ತಾಗಿತು ಅಂತ ಎಣಿಸಿಕೊಳ್ಳಿ, ತಿಂಗಳಾದ ಮೇಲೆ ಮತ್ತೆ ಎಣಿಸಿ.

ಬೊಕ್ಕೆನ್ ಕೊಂಡು ಮನೆಯಲ್ಲೇ ಅಭ್ಯಾಸ ಮಾಡುವುದಾದರೆ, ಬೀಸುವ ಮುಂಚೆ ಒಮ್ಮೆ ತಲೆ ಎತ್ತಿ ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ. ನಮ್ಮ ಹಾಲಿನ ಫ್ಯಾನ್ ಈಗಲೂ ಮೂರಕ್ಕಿಟ್ಟರೆ ಟಕಟಕ ಅನ್ನುತ್ತದೆ.