ರಾಡಾರ್ ಗನ್ನಿಗೆ ಕಾಣದ ಪಿಚಿಂಗ್

ಅಮೆರಿಕದ ಬೇಸ್‌ಬಾಲ್‌ನಲ್ಲಿ ಸ್ಟೀವ್ ಡಾಲ್ಕೌಸ್ಕಿಯಷ್ಟು ವೇಗವಾಗಿ ಚೆಂಡೆಸೆದವರೇ ಇಲ್ಲ ಎಂದು ಅವನನ್ನು ಕಂಡ ಅನೇಕರು ಹೇಳುತ್ತಿದ್ದರು. 1960ರಲ್ಲಿ ಕೆಳ ಹಂತದ ಲೀಗಿನ ಸ್ಟಾಕ್‌ಟನ್ ತಂಡದ ಪಿಚರ್ (ಚೆಂಡೆಸೆಯುವವ) ಆಗಿ 170 ಇನಿಂಗ್ಸ್ ಎಸೆದ ಆತ 262 ಸ್ಟ್ರೈಕ್‌ಔಟ್ ಪಡೆದ, ಅಂದರೆ ಅಷ್ಟು ಬಾರಿ ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರ್‌ನನ್ನು ಔಟ್ ಮಾಡಿದ. ಗುರಿ ತಪ್ಪಿ ಎಸೆದು, ಬ್ಯಾಟರ್‌ನನ್ನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳುಹಿಸಿದ್ದೂ 262 ಬಾರಿಯೇ! ಅಗ್ರ ಹಂತದ ಮೇಜರ್ ಲೀಗ್‌ನ ಒಂದು ಪಂದ್ಯವನ್ನೂ ಆಡದೆ ಅವನ ವೃತ್ತಿಜೀವನ ಮುಗಿಯಿತು.

ಆಗ ವೇಗವೆಂಬುದು ಕಣ್ಣಂದಾಜಿನ ಮಾತು. 1970ರ ದಶಕದ ಮಧ್ಯದಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್‌ವೈಲರ್, ಪೊಲೀಸರು ವಾಹನಗಳತ್ತ ಹಿಡಿಯುತ್ತಿದ್ದ ರಾಡಾರ್ ಗನ್ನನ್ನು ಪಿಚರ್‌ಗಳತ್ತ ತಿರುಗಿಸಿದರು. ಆಮೇಲೆ ಹೊಸ ಹುಡುಗರನ್ನು ಹುಡುಕುವ ಸ್ಕೌಟ್‌ಗಳ ಕೈಗೆ ಒಂದು ಖಚಿತ ಅಂಕಿ ಸಿಕ್ಕಿತು. ಅಳೆಯಲು ಸುಲಭವಾದದ್ದಕ್ಕೇ ಬೆಲೆ ಹೆಚ್ಚಿತು ಎಂಬುದು ನನ್ನ ಅನುಮಾನ.

ವೇಗಕ್ಕೆ ಬೆಲೆಯಿಲ್ಲ ಎಂದಲ್ಲ. ಪಿಚರ್‌ನ ಕೈಬಿಟ್ಟ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು 16.8 ಮೀಟರ್ ಸಾಗಬೇಕು. ಗಂಟೆಗೆ 153 ಕಿ.ಮೀ. ವೇಗದ ಫಾಸ್ಟ್‌ಬಾಲ್‌ಗೆ ಅದು 0.4 ಸೆಕೆಂಡಿನ ಕೆಲಸ. ಬ್ಯಾಟ್ ಬೀಸಲೇ ಸುಮಾರು 0.15 ಸೆಕೆಂಡ್ ಬೇಕು. ನೋಡಿ ನಿರ್ಧರಿಸಲು ಉಳಿಯುವುದು ಕಾಲು ಸೆಕೆಂಡ್ ಮಾತ್ರ. 145ರ ಬದಲು 153ರಲ್ಲಿ ಎಸೆದರೆ ಅದರಲ್ಲಿ ಇನ್ನೂ 20 ಮಿಲಿಸೆಕೆಂಡ್ ಕಡಿಮೆಯಾಗುತ್ತದೆ. ಇದು ದೊಡ್ಡ ಲಾಭವೇ.

ಈಗ ಫಾಸ್ಟ್‌ಬಾಲ್‌ನಂತೆ ಕಂಡು ನಿಧಾನವಾಗಿ ಬರುವ ಚೇಂಜ್‌ಅಪ್ ಎಸೆತ ನೋಡಿ. ಚೆಂಡನ್ನು ಅಂಗೈಯೊಳಕ್ಕೆ ಒತ್ತಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಅದರ ಪಕ್ಕದಲ್ಲಿ ಬಳೆಯಂತೆ ಸೇರಿಸಿ, ತೋಳನ್ನು ಮಾತ್ರ ಫಾಸ್ಟ್‌ಬಾಲ್‌ನಷ್ಟೇ ರಭಸದಿಂದ ಬೀಸುತ್ತಾರೆ. ಚೆಂಡು 16 ಕಿ.ಮೀ. ನಿಧಾನವಾಗಿ ಬಂದರೆ ತಲುಪುವುದು ಸುಮಾರು 50 ಮಿಲಿಸೆಕೆಂಡ್ ತಡವಾಗಿ. ಅಷ್ಟರಲ್ಲಿ ಬ್ಯಾಟ್ ಬೀಸಿ ಮುಗಿದಿರುತ್ತದೆ. ಒಂದು ತುದಿಯಿಂದ ಶ್ರೀನಾಥ್, ಇನ್ನೊಂದು ತುದಿಯಿಂದ ವೆಂಕಟೇಶ್ ಪ್ರಸಾದ್ ಬೌಲ್ ಮಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ವ್‌ಬಾಲ್‌ನ ವರಸೆ ಬೇರೆ. ನಿಮಿಷಕ್ಕೆ 2,500 ಸುತ್ತಿನ ವೇಗದಲ್ಲಿ ಮುಂದಕ್ಕೆ ಉರುಳುತ್ತ ಬರುವ ಚೆಂಡು ಅರ್ಧ ಸೆಕೆಂಡಿನ ಪಯಣದಲ್ಲಿ ಇಪ್ಪತ್ತು ಸುತ್ತು ತಿರುಗುತ್ತದೆ. ತಿರುಗುವ ಚೆಂಡನ್ನು ಗಾಳಿ ಒಂದು ಪಕ್ಕಕ್ಕೆ ತಳ್ಳುವ ಮ್ಯಾಗ್ನಸ್ ಪರಿಣಾಮ ಇಲ್ಲಿ ಅದನ್ನು ಕೆಳಕ್ಕೆ ತಳ್ಳುತ್ತದೆ. ನಿಧಾನವೂ ಇಲ್ಲಿ ನೆರವಿಗೆ ಬರುತ್ತದೆ: 0.4 ಸೆಕೆಂಡಿನಲ್ಲಿ ಗುರುತ್ವಾಕರ್ಷಣೆಯೊಂದೇ ಚೆಂಡನ್ನು ಸುಮಾರು 80 ಸೆಂ.ಮೀ. ಇಳಿಸಿದರೆ, ಅರ್ಧ ಸೆಕೆಂಡಿನಲ್ಲಿ 120 ಸೆಂ.ಮೀ. ದಾಟಿಸುತ್ತದೆ. ರಾಡಾರ್ ಗನ್ ಇದನ್ನು ಬರೀ ಕಡಿಮೆ ಅಂಕಿಯಾಗಿ ತೋರಿಸುತ್ತದೆ, ಅಷ್ಟೇ.

ವೇಗ ಹುಟ್ಟಿನಿಂದ ಬರಬೇಕು, ಹಿಡಿತವನ್ನು, ಅಂದರೆ ಬೇಕೆಂದಲ್ಲಿಗೇ ಚೆಂಡೆಸೆಯುವುದನ್ನು, ಕಲಿಸಬಹುದು ಎಂಬುದು ಸ್ಕೌಟ್‌ಗಳ ಹಳೆಯ ವಾದ. ಇದು ಈಗ ತಲೆಕೆಳಗಾದಂತಿದೆ. ಭಾರದ ಚೆಂಡುಗಳ ಅಭ್ಯಾಸ, ಅತಿವೇಗದ ಕ್ಯಾಮೆರಾಗಳ ನೆರವಿನಿಂದ ವೇಗವನ್ನೇ ಕಲಿಸುತ್ತಿದ್ದಾರೆ. ಮೇಜರ್ ಲೀಗ್ ಫಾಸ್ಟ್‌ಬಾಲ್‌ನ ಸರಾಸರಿ 2008ರಲ್ಲಿ ಸುಮಾರು 148 ಕಿ.ಮೀ. ಇದ್ದದ್ದು ಈಗ 151 ದಾಟಿದೆ. ಜೊತೆಗೆ ಮೊಣಕೈ ಶಸ್ತ್ರಚಿಕಿತ್ಸೆಗಳೂ ಹೆಚ್ಚಿವೆ. 2024ರ ಡಿಸೆಂಬರ್‌ನಲ್ಲಿ ಲೀಗ್ ಪ್ರಕಟಿಸಿದ ವರದಿಯೇ ವೇಗದ ಬೆನ್ನುಹತ್ತಿದ್ದನ್ನು ಗಾಯಗಳ ಕಾರಣಗಳಲ್ಲಿ ಎಣಿಸಿತು. ಆದರೆ ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸುವ 2011ರ ಆಯ್ಕೆಯಲ್ಲಿ ಎಂಟನೇ ಸುತ್ತಿನವರೆಗೂ ಕಾದ ಕೈಲ್ ಹೆಂಡ್ರಿಕ್ಸ್‌ನ ಫಾಸ್ಟ್‌ಬಾಲ್ 141ರ ಆಸುಪಾಸಿನದಾಗಿತ್ತು. 2016ರಲ್ಲಿ 2.13ರ ಇಆರ್‌ಎಯೊಂದಿಗೆ (ಪಿಚರ್‌ನ ಹೊಣೆಯ ರನ್‌ಗಳ, ಒಂಬತ್ತು ಇನಿಂಗ್ಸ್‌ಗೆ ಲೆಕ್ಕ ಹಾಕಿದ ಸರಾಸರಿ) ಇಡೀ ಮೇಜರ್ ಲೀಗ್‌ನಲ್ಲಿ ಸರಾಸರಿ ಅತಿ ಕಡಿಮೆ ರನ್ ಬಿಟ್ಟುಕೊಟ್ಟ ಪಿಚರ್ ಆತನೇ.

2015ರಿಂದ ಮೇಜರ್ ಲೀಗ್‌ನ ಅಳತೆ ವ್ಯವಸ್ಥೆಯಾದ ಸ್ಟ್ಯಾಟ್‌ಕಾಸ್ಟ್ ಪ್ರತಿ ಎಸೆತದ ತಿರುಗುವಿಕೆಯನ್ನೂ ಅಳೆಯುತ್ತಿದೆ. ಕರ್ವ್‌ಬಾಲ್‌ನಂಥ, ದಾರಿ ಬಾಗಿಸುವ ಬ್ರೇಕಿಂಗ್ ಬಾಲ್‌ಗಳಿಗೆ ನ್ಯಾಯ ಸಿಕ್ಕಿತೆನ್ನಬಹುದು. ಆದರೆ ಹಿಡಿತಕ್ಕೆ ಇನ್ನೂ ಸಿಕ್ಕಿಲ್ಲ. ಚೆಂಡು ಎಲ್ಲಿ ಬಿತ್ತು ಎಂದು ಯಂತ್ರ ಕರಾರುವಾಕ್ಕಾಗಿ ಹೇಳುತ್ತದೆ. ಪಿಚರ್ ಎಲ್ಲಿಗೆ ಎಸೆಯಬೇಕೆಂದುಕೊಂಡಿದ್ದ ಎಂಬುದು ಅದಕ್ಕೆ ತಿಳಿಯದು. ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಗ್ಲೋವ್ ಹಿಡಿದ ಜಾಗವೇ ಗುರಿ ಎಂದುಕೊಳ್ಳೋಣವೆಂದರೆ, ಎಸೆತ ಯಾವುದೇ ಇರಲಿ, ಗ್ಲೋವನ್ನು ನಡುಮಧ್ಯದಲ್ಲೇ ಹಿಡಿದು ಕೂರುವ ಕ್ಯಾಚರ್‌ಗಳೂ ಇದ್ದಾರೆ.