ರಸ್ತೆ ಕಾರಿನ ಪಾಲಾಗಿದ್ದು ಹೇಗೆ?

ನಡೆಯಲು ಕಲಿತ ಮಗುವಿಗೆ ನಾವು ಕಲಿಸುವ ಮೊದಲ ಪಾಠಗಳಲ್ಲಿ ಒಂದು: "ರಸ್ತೆಗೆ ಹೋಗ್ಬೇಡ." ರಸ್ತೆ ಅಂದ್ರೆ ಅಪಾಯ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನೂರಿಪ್ಪತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಜನ ರಸ್ತೆಯಲ್ಲೇ ನಡೆಯುತ್ತಿದ್ದರು, ನಿಂತು ಮಾತಾಡುತ್ತಿದ್ದರು, ವ್ಯಾಪಾರ ಮಾಡುತ್ತಿದ್ದರು. ಮಕ್ಕಳು ಅಲ್ಲೇ ಆಡುತ್ತಿದ್ದರು. ಕುದುರೆಗಾಡಿಗಳಿಂದಲೂ ಅಪಘಾತ ಆಗುತ್ತಿತ್ತು, ನಿಜ. ಆದರೆ ಜನರನ್ನು ನೋಡಿಕೊಂಡು ಹೋಗುವ ಹೊಣೆ ಗಾಡಿ ಹೊಡೆಯುವವನದಾಗಿತ್ತು.

ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ತುಂಬಾ ವರ್ಷ ಅದು ಶ್ರೀಮಂತರ ಆಟಿಕೆಯಾಗಿಯೇ ಉಳಿಯಿತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಬೆಲೆ ಸುಮಾರು 850 ಡಾಲರ್. ಹದಿನೇಳು ವರ್ಷಗಳಲ್ಲಿ ಅದು 300 ಡಾಲರ್‌ಗಿಂತ ಕೆಳಗಿಳಿಯಿತು. ಅಮೆರಿಕದ ಊರುಗಳ ತುಂಬಾ ಕಾರುಗಳಾದವು. ಸಾಯುವವರ ಸಂಖ್ಯೆಯೂ ಏರಿತು, ಅವರಲ್ಲಿ ಮಕ್ಕಳು ಬಹಳ.

ಆಗ ಜನ ಸುಮ್ಮನೆ ಕೂರಲಿಲ್ಲ. ಈ ಭಾಗ ಇವತ್ತು ಹೆಚ್ಚಿನವರಿಗೆ ಗೊತ್ತೇ ಇಲ್ಲ. 1923ರಲ್ಲಿ ಸಿನ್ಸಿನಾಟಿ ನಗರದ ಸಾವಿರಾರು ಜನ ಒಂದು ಬೇಡಿಕೆಗೆ ಸಹಿ ಹಾಕಿದರು. ಗಂಟೆಗೆ 25 ಮೈಲಿಗಿಂತ, ಅಂದರೆ ಸುಮಾರು 40 ಕಿಲೋಮೀಟರ್‌ಗಿಂತ, ಜಾಸ್ತಿ ಓಡದಂತೆ ಪ್ರತಿ ಕಾರಿಗೂ ಒಂದು ಸಾಧನ ಅಳವಡಿಸಬೇಕು ಎಂಬುದು ಆ ಬೇಡಿಕೆ. ವಿಷಯ ಮತದಾನಕ್ಕೆ ಬಂತು. ಕಾರು ಮಾರುವವರು ಒಟ್ಟಾಗಿ ಜೋರು ಪ್ರಚಾರ ನಡೆಸಿದರು, ಬೇಡಿಕೆ ಬಿದ್ದುಹೋಯಿತು. ಕಾರು ಉದ್ಯಮ ಇದರಿಂದ ಒಂದು ಪಾಠ ಕಲಿಯಿತು. ವೇಗದ ಬಗ್ಗೆ ಮಾತು ಬಂದರೆ ತಮಗೇ ತೊಂದರೆ. ಹಾಗಾಗಿ ಮಾತು ನಡೆಯುವವರ ಕಡೆ ತಿರುಗಬೇಕು. ಎಲ್ಲೆಂದರಲ್ಲಿ ರಸ್ತೆ ದಾಟುವವರಿಗೆ 'ಜೇವಾಕರ್' ಎಂಬ ಹೆಸರನ್ನು ಊರೆಲ್ಲ ಹಬ್ಬಿಸಿದರು. 'ಜೇ' ಅಂದರೆ ಆಗಿನ ಆಡುಮಾತಿನಲ್ಲಿ ಪೇಟೆಯ ರೀತಿ ಗೊತ್ತಿಲ್ಲದ ಹಳ್ಳಿ ಗಮಾರ. ನಡೆದು ಹೋಗುವುದೇ ನಾಚಿಕೆಯ ಕೆಲಸವಾಯಿತು. 1925ರಲ್ಲಿ ಲಾಸ್ ಏಂಜಲೀಸ್ ನಗರ ರಸ್ತೆ ದಾಟುವುದಕ್ಕೇ ಕಟ್ಟುನಿಟ್ಟಿನ ನಿಯಮ ತಂದಿತು. ಬೇರೆ ಊರುಗಳೂ ಅದೇ ದಾರಿ ಹಿಡಿದವು. ನನಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ತಿರುವು ಇದೇ ಅನಿಸುತ್ತದೆ. ಎಲ್ಲರದ್ದಾಗಿದ್ದ ಜಾಗ ಒಂದು ಯಂತ್ರದ ಪಾಲಾಯಿತು.

ಆಮೇಲಿನ ಬದಲಾವಣೆಗಳು ಕಡತಗಳಲ್ಲಿ ನಡೆದವು. ಮನೆಗಳು ಒಂದು ಕಡೆ, ಅಂಗಡಿ, ಕಚೇರಿಗಳು ಇನ್ನೊಂದು ಕಡೆ ಎಂದು ವಲಯ ನಿಯಮಗಳು ಊರನ್ನು ಹೋಳು ಮಾಡಿದವು. ಕಟ್ಟಡ ಕಟ್ಟುವವರು ಇಂತಿಷ್ಟು ಪಾರ್ಕಿಂಗ್ ಜಾಗ ಬಿಡಲೇಬೇಕು ಎಂಬ ಕಾನೂನುಗಳು ಬಂದವು. ಜಾಗ ಬಿಟ್ಟಷ್ಟೂ ಕಟ್ಟಡಗಳು ದೂರ ದೂರ ಸರಿದವು. ದೂರವಾದಷ್ಟೂ ನಡೆಯುವುದು ಕಷ್ಟ, ಕಾರು ಅನಿವಾರ್ಯ. 1956ರಲ್ಲಿ ಅಮೆರಿಕ ಸರ್ಕಾರ 41,000 ಮೈಲಿ ಹೆದ್ದಾರಿ ಜಾಲಕ್ಕೆ ಕಾನೂನು ಮಾಡಿ, ಖರ್ಚಿನ ಶೇ. 90ರಷ್ಟನ್ನು ತಾನೇ ಹೊತ್ತುಕೊಂಡಿತು. ಕಾರುಗಳ ನಡುವೆ ಸಿಕ್ಕಿಕೊಂಡು, ಏರಿಸಲಾಗದ ಟಿಕೆಟ್ ದರದಲ್ಲಿ ಒದ್ದಾಡುತ್ತಿದ್ದ ಟ್ರಾಮ್‌ಗಳು ಒಂದೊಂದಾಗಿ ನಿಂತುಹೋದವು. ಜನ ಕಾರನ್ನು ಇಷ್ಟಪಟ್ಟೇ ಕೊಂಡರು ಎನ್ನುವವರಿದ್ದಾರೆ. ಇಷ್ಟಪಟ್ಟದ್ದು ನಿಜ. ಆದರೆ ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಅದನ್ನು ಆಯ್ಕೆ ಎನ್ನಲು ಆಗುತ್ತಾ?

ಟ್ರಾಫಿಕ್ ಜಾಸ್ತಿಯಾದರೆ ರಸ್ತೆ ಅಗಲ ಮಾಡೋಣ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದು ಯಾಕೆ ಫಲ ಕೊಡುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ರಸ್ತೆ ಅಗಲವಾದ ಕೂಡಲೇ ಓಡಾಟ ಸಲೀಸಾಗುತ್ತದೆ. ಆಗ ಬೇರೆ ದಾರಿಯಲ್ಲಿ, ಬೇರೆ ಹೊತ್ತಿನಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದವರೆಲ್ಲ ಇದೇ ರಸ್ತೆಗೆ ಬರುತ್ತಾರೆ. ಕೆಲವರು ಇನ್ನೂ ದೂರ ಮನೆ ಮಾಡುತ್ತಾರೆ. ರಸ್ತೆ ಮತ್ತೆ ತುಂಬುತ್ತದೆ. ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವು ಕಡೆ, ಪಕ್ಕದ ರಸ್ತೆಗಳೂ ಸೇರಿ, 26 ಲೇನ್‌ಗಳಷ್ಟು ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಕೆಲಸದ ಹೊತ್ತಿನ ಪ್ರಯಾಣ ಮತ್ತೆ ಆಮೆಗತಿಗೆ ಇಳಿಯಿತು.

ಇದರ ಬೆಲೆ ತೆರುವವರು ಕಾರಿನೊಳಗೆ ಇರುವವರಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ಇದೇ. ಲೆಕ್ಕಕ್ಕೆ ಸಿಗದ ನಷ್ಟವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಹೋಲಿಸಿ ನೋಡಿದರು. ವಾಹನ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ವಾಹನ ಜಾಸ್ತಿ ಇದ್ದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, 0.9. ಕಣ್ಣು ಮಂಜಾಗಿ ಕಾರು ಓಡಿಸಲಾಗದ ಅಜ್ಜಿಗೆ, ಆಟಕ್ಕೆ ಹೋಗಲು ಅಪ್ಪ ಅಮ್ಮನ ಬಿಡುವು ಕಾಯುವ ಮಗುವಿಗೆ ಇಂಥ ಊರು ಒಂದು ಬಂಧನ. ವಿದ್ಯುತ್ ಕಾರು ಹೊಗೆ ಕಡಿಮೆ ಮಾಡುತ್ತದೆ, ಅದು ಒಳ್ಳೆಯದೇ. ಆದರೆ ಅದಕ್ಕೂ ಅಷ್ಟೇ ಜಾಗ ಬೇಕು.

ದಾರಿ ಬದಲಿಸಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಹೆತ್ತವರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅವರ ಮಾತಿಗೆ ಬಲ ಕೊಟ್ಟಿತು. ಈಗ ನಾವು ಬೆರಗಿನಿಂದ ನೋಡುವ ಅಲ್ಲಿನ ಸೈಕಲ್ ದಾರಿಗಳ ಹಿಂದೆ ಆ ಹೋರಾಟವಿದೆ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳ ಪ್ರಯೋಗ ಮಾಡಿತು. ನಗರದ ನಡುಭಾಗಕ್ಕೆ ಕಾರು ತಂದರೆ ಶುಲ್ಕ. ಶುರುವಿನಲ್ಲಿ ಹೆಚ್ಚಿನ ಜನರಿಗೆ ಇದು ಇಷ್ಟವಿರಲಿಲ್ಲ. ಕಾರುಗಳು ಸುಮಾರು ಐದನೇ ಒಂದರಷ್ಟು ಕಡಿಮೆಯಾದವು. ಪ್ರಯೋಗ ಮುಗಿಯುತ್ತಲೇ ಮತ್ತೆ ಹೆಚ್ಚಿದವು. ಆ ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದಾಗ, ಶುಲ್ಕ ಇರಲಿ ಎಂದವರೇ ನಗರದಲ್ಲಿ ಜಾಸ್ತಿ. 2007ರಿಂದ ಅದು ಕಾಯಂ ಆಯಿತು.