ಮ್ಯಾಕಿಯವೆಲ್ಲಿ ಆ ಮಾತು ಹೇಳಿದ್ದನೇ?

ಪ್ರಶ್ನೆ: ‘ಗುರಿ ಒಳ್ಳೆಯದಿದ್ದರೆ ದಾರಿ ಹೇಗಿದ್ದರೂ ಪರವಾಗಿಲ್ಲ’ ಅಂತ ಮ್ಯಾಕಿಯವೆಲ್ಲಿ ಹೇಳಿದ್ದು ನಿಜವೇ?

ಉತ್ತರ: ಮ್ಯಾಕಿಯವೆಲ್ಲಿ ಐನೂರು ವರ್ಷ ಹಿಂದಿನ ಇಟಲಿಯ ರಾಜಕೀಯ ಚಿಂತಕ. ದೊರೆ ಹೇಗೆ ಆಳಬೇಕು ಅಂತ ಅವನು ಬರೆದ ‘ದಿ ಪ್ರಿನ್ಸ್’ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಆ ವಾಕ್ಯ ಸಿಗುವುದಿಲ್ಲ. ಅದಕ್ಕೆ ಹತ್ತಿರದ ಮಾತು 18ನೇ ಅಧ್ಯಾಯದಲ್ಲಿದೆ. ದೊರೆಯ ಮೇಲೆ ದೂರು ಕೊಡಲು ಯಾವ ಕೋರ್ಟೂ ಇಲ್ಲ, ಹಾಗಾಗಿ ಜನ ಕೊನೆಗೆ ಏನಾಯಿತು ಅಂತಷ್ಟೇ ನೋಡುತ್ತಾರೆ ಎನ್ನುತ್ತಾನೆ. ರಾಜ್ಯ ಗೆದ್ದು ಉಳಿಸಿಕೊಂಡವನು ಏನು ಮಾಡಿದ್ದರೂ ಅವರು ಹೊಗಳುತ್ತಾರಂತೆ. ಇದು ದೊರೆಗೆ ಹೇಳಿಕೊಟ್ಟ ಉಪಾಯ, ನಿಜ. ಆದರೆ ನೋಡುತ್ತಾ ನಿಂತ ನಮ್ಮ ಬಗ್ಗೆಯೂ ಹೇಳಿದ ಮಾತು, ಅಲ್ವಾ?

ಇದನ್ನು ಅವನು ಸುಮ್ನೆ ಕೂತು ಊಹಿಸಿದ್ದಲ್ಲ. ಇಟಲಿಯ ರೊಮಾನ್ಯ ಪ್ರಾಂತ್ಯವನ್ನು ಗೆದ್ದ ಚೆಸಾರೆ ಬೋರ್ಜಾ, ಅಲ್ಲಿನ ದರೋಡೆ, ಜಗಳ ಅಡಗಿಸಲು ರಮಿರೋ ಎಂಬ ಅಧಿಕಾರಿಗೆ ಪೂರ್ತಿ ಅಧಿಕಾರ ಕೊಟ್ಟ. ರಮಿರೋ ಬಹಳ ಕ್ರೂರಿ. ಊರು ಬೇಗ ತಣ್ಣಗಾಯಿತು, ಜನರ ಸಿಟ್ಟು ಮಾತ್ರ ಆರಲಿಲ್ಲ. 1502ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಚೆಸೇನಾ ಊರಿನ ಚೌಕದಲ್ಲಿ, ಬೋರ್ಜಾನೇ ಕೊಲ್ಲಿಸಿದ ರಮಿರೋನ ದೇಹ ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಮರದ ದಿಮ್ಮಿ, ರಕ್ತ ಮೆತ್ತಿದ ಚೂರಿ. ಆಗ ಫ್ಲಾರೆನ್ಸ್‌ನ ದೂತನಾಗಿ ಮ್ಯಾಕಿಯವೆಲ್ಲಿ ಅದೇ ಊರಿನಲ್ಲಿದ್ದ. ಅದನ್ನು ಕಂಡ ಜನರಿಗೆ ಸಮಾಧಾನವೂ ಆಯಿತು, ದಿಗಿಲೂ ಬಡಿಯಿತು ಎಂದು ಬರೆದಿದ್ದಾನೆ. ಆ ಕ್ರೂರಿಯನ್ನು ಕಳಿಸಿದವನು ಯಾರು ಅಂತ ಯಾರೂ ಕೇಳಲಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಕಾಡುವುದು ಈ ಚೌಕವೇ.

ಮುಂದೆ ಅಧಿಕಾರದ ಪೆಟ್ಟು ಮ್ಯಾಕಿಯವೆಲ್ಲಿಗೇ ಬಿತ್ತು. 1512ರಲ್ಲಿ, ಹಿಂದೆ ಆಳಿ ಹೊರದಬ್ಬಿಸಿಕೊಂಡಿದ್ದ ಮೆಡಿಚಿ ಮನೆತನ ಫ್ಲಾರೆನ್ಸ್‌ಗೆ ಮರಳಿದಾಗ ಕೆಲಸ ಹೋಯಿತು. ಮರುವರ್ಷ ಪಿತೂರಿಯ ಅನುಮಾನದ ಮೇಲೆ ಜೈಲಿಗೆ ಹಾಕಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಲ್ಲಿ ಮೇಲೆಳೆದು, ದಬಕ್ಕನೆ ಕೆಳಗೆ ಬಿಟ್ಟು ಹಿಂಸಿಸಿದರು. ಬಿಡುಗಡೆಯಾದ ಮೇಲೆ ಹಳ್ಳಿಮನೆ ಸೇರಿದ. ಹಗಲೆಲ್ಲ ತೋಟದ ಕೆಲಸ, ಇಸ್ಪೀಟು. ಸಂಜೆ ಕೆಸರಿನ ಬಟ್ಟೆ ಕಳಚಿ, ದರ್ಬಾರಿನ ಉಡುಪು ತೊಟ್ಟು, ನಾಲ್ಕು ಗಂಟೆ ಹಳೆಯ ಗ್ರಂಥಗಳ ಜತೆ ಕೂರುತ್ತಿದ್ದ. ‘ದಿ ಪ್ರಿನ್ಸ್’ ಹುಟ್ಟಿದ್ದು ಆ ಸಂಜೆಗಳಲ್ಲಿ. ಅಚ್ಚಾಗಿದ್ದು ಅವನು ತೀರಿಕೊಂಡು ಐದು ವರ್ಷಕ್ಕೆ, 1532ರಲ್ಲಿ.

ದಯವಿಟ್ಟು 18ನೇ ಅಧ್ಯಾಯ ಓದಿ ಪುಸ್ತಕ ಮುಚ್ಚಬೇಡಿ, 9ನೆಯದನ್ನೂ ಓದಿ. ದೊಡ್ಡವರಿಗೆ ಬೇರೆಯವರನ್ನು ತುಳಿಯುವ ಆಸೆ, ಜನರಿಗೆ ತುಳಿಸಿಕೊಳ್ಳದೆ ಬದುಕುವ ಆಸೆ, ಇವೆರಡರಲ್ಲಿ ಜನರ ಆಸೆಯೇ ಹೆಚ್ಚು ನ್ಯಾಯವಾದದ್ದು ಎಂದು ಅಲ್ಲಿ ಬರೆದವನೂ ಇದೇ ಮ್ಯಾಕಿಯವೆಲ್ಲಿ.